ಏಳು ಸೀಸೆ, ಏಳು ಲೇಬಲ್

ನಮ್ಮ ಭಾವನ ಮನೆಯಲ್ಲಿ ಸಕ್ಕರೆ ಡಬ್ಬಿಯ ಮೇಲೆ ‘ಸಕ್ಕರೆ’ ಎಂದು ಬರೆದಿದೆ. ಅದರಲ್ಲೇನು ವಿಶೇಷ ಎನ್ನುತ್ತೀರಿ. ಡಬ್ಬಿ ಗಾಜಿನದು. ಒಳಗಿರುವುದು ಸಕ್ಕರೆ ಎಂದು ಕಣ್ಣಿದ್ದವರಿಗೆಲ್ಲ ಕಾಣುತ್ತದೆ. ಸಾಲದ್ದಕ್ಕೆ ಡಬ್ಬಿ ಇಡುವ ಹಲಗೆಯ ಮೇಲೆ ‘ಸಕ್ಕರೆ ಡಬ್ಬಿಯ ಜಾಗ’ ಎಂಬ ಇನ್ನೊಂದು ಚೀಟಿ. ನಡುಮನೆಯ ಸ್ವಿಚ್ಚುಗಳ ಮೇಲೆ ಸಾಲಾಗಿ ‘ದೀಪ’, ‘ಫ್ಯಾನು’, ‘ಕೆಲಸ ಮಾಡುವುದಿಲ್ಲ’. ಆ ಮೂರನೆಯದನ್ನು ರಿಪೇರಿ ಮಾಡಿಸಲು ಹತ್ತು ನಿಮಿಷ ಸಾಕು. ಚೀಟಿಗೆ ಈಗ ಹನ್ನೊಂದು ವರ್ಷ. ಬಚ್ಚಲಿನ ಹೊರಗೆ ಟವೆಲು ನೇತುಹಾಕಲು ಮೂರು ಮೊಳೆಗಳಿವೆ. ಅವುಗಳ ಮೇಲೆ ‘ನಾನು’, ‘ಹೆಂಡತಿ’, ‘ನಾದಿನಿ’ ಎಂದಿದೆ.

ಆ ನಾದಿನಿ ನಾನೇ. ಅಕ್ಕನ ಮನೆಯ ಹಿಂದಿನ ಕೋಣೆಯಲ್ಲಿ ಹದಿನಾಲ್ಕು ವರ್ಷದಿಂದ ಇದ್ದೇನೆ, ಪೇಟೆ ಬೀದಿಯ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಯಾಕಮ್ಮಾ ಮದುವೆ ಆಗಲಿಲ್ಲ ಎಂದು ಕೇಳುವವರಿಗೆ, ಒಮ್ಮೆ ನಮ್ಮ ಅಕ್ಕನ ಮನೆಗೆ ಬಂದು ಹೋಗಿ ಎನ್ನುತ್ತೇನೆ. ಬಂದು ಹೋದವರು ಮತ್ತೆ ಕೇಳಿಲ್ಲ.

ಭಾವ ಹೀಗಾಗಲು ಕಾರಣ ಔಷಧಿ ಕಾರ್ಖಾನೆ. ಮೂವತ್ತೊಂದು ವರ್ಷ ಅವರು ಅಲ್ಲಿ ಲೇಬಲ್ ವಿಭಾಗದಲ್ಲಿದ್ದರು. ಔಷಧಿ ಮಾಡುವವರಲ್ಲ, ತುಂಬುವವರೂ ಅಲ್ಲ, ಲೇಬಲ್ ಎಣಿಸುವವರು. ಹತ್ತು ಸಾವಿರ ಸೀಸೆಗೆ ಹತ್ತು ಸಾವಿರ ಲೇಬಲ್ ಎಣಿಸಿ ಕೊಡಬೇಕು, ಅಂಟಿಸಿದ್ದೆಷ್ಟು, ಹರಿದದ್ದೆಷ್ಟು, ಉಳಿದದ್ದೆಷ್ಟು ಎಂದು ಸಂಜೆ ಮತ್ತೆ ಎಣಿಸಿ ತೆಗೆದುಕೊಳ್ಳಬೇಕು. ಒಂದೇ ಒಂದು ಲೇಬಲ್ ಹೆಚ್ಚು ಉಳಿದರೂ ಎಲ್ಲೋ ಒಂದು ಸೀಸೆ ಬೆತ್ತಲೆ ಹೋಗಿದೆ ಎಂದರ್ಥ. ಕಟ್ಟಿದ ಪೆಟ್ಟಿಗೆಗಳನ್ನೆಲ್ಲ ಒಡೆದು ಹುಡುಕಬೇಕು. ಭಾವನ ಕಾಲದಲ್ಲಿ ಎರಡು ಸಲ ಹಾಗೆ ಒಡೆಸಿದ್ದರು. ಆ ಎರಡು ಕಥೆಗಳನ್ನು ನಾನು ಊಟದ ಹೊತ್ತಿನಲ್ಲಿ ಎಷ್ಟು ಸಲ ಕೇಳಿದ್ದೇನೆಂದರೆ, ಪೆಟ್ಟಿಗೆ ಒಡೆದವಳು ನಾನೇ ಏನೋ ಎಂದು ಕೆಲವೊಮ್ಮೆ ಅನುಮಾನ ಬರುತ್ತದೆ.

ಕಾರ್ಖಾನೆಯಿಂದ ಅವರು ಮನೆಗೆ ತಂದ ಇನ್ನೊಂದು ಅಭ್ಯಾಸ ತಿದ್ದುವುದು. ಬರೆದದ್ದು ತಪ್ಪಾದರೆ ಗೀಚಬಾರದು, ಉಜ್ಜಬಾರದು, ಬಿಳಿ ಬಳಿಯಬಾರದು. ಸ್ಕೇಲು ಇಟ್ಟು ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ಸಹಿ ಮತ್ತು ತಾರೀಖು ಹಾಕಬೇಕು. ಕೆಳಗಿನ ತಪ್ಪು ಓದಲು ಬರುವಂತಿರಬೇಕು. ಅಕ್ಕ ಸಾಮಾನಿನ ಪಟ್ಟಿಯಲ್ಲಿ ‘ಸೋಪು ಎರಡು’ ಎಂಬುದನ್ನು ‘ಮೂರು’ ಮಾಡಬೇಕಾದರೂ ಸಹಿ ಹಾಕುತ್ತಾಳೆ. ಸಂಸಾರ ಅಂದಮೇಲೆ ಹೊಂದಿಕೊಂಡು ಹೋಗಬೇಕಲ್ಲ.

ಇಂಥ ಮನುಷ್ಯ ನಿವೃತ್ತಿಯಾದ ಮೇಲೆ ಸುಮ್ಮನೆ ಪೇಪರು ಓದಿಕೊಂಡು ಕೂರಬಹುದಿತ್ತು. ಆದರೆ ಹುಣಸೆಮರಕ್ಕೆ ಮುಪ್ಪಾದರೂ ಹುಳಿಗೆ ಮುಪ್ಪೇ? ಯಾರೋ ಕೊಟ್ಟ ಒಂದು ಕಳ್ಳಿ ಗಿಡ ಮಾಳಿಗೆ ಹತ್ತಿತು. ಅದರ ಹಿಂದೆ ಭಾವ ಹತ್ತಿದರು. ಮೂರು ವರ್ಷದಲ್ಲಿ ಮಾಳಿಗೆಯ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿದ ಚಪ್ಪರ ಎದ್ದು, ಬಟ್ಟೆ ಒಣಗಿಸುವ ತಂತಿ ಹಿತ್ತಿಲಿಗೆ ಇಳಿಯಿತು.

ಕಳ್ಳಿ ಎಂದರೆ ಬೇಲಿಯ ಕಳ್ಳಿ ಎಂದುಕೊಳ್ಳಬೇಡಿ. ಇವು ಮುಷ್ಟಿಯೊಳಗೆ ಹಿಡಿಸುವಂಥವು. ಹಿಡಿಯಲು ಯಾರೂ ಹೋಗಬಾರದು, ಅಷ್ಟೆ. ಭಾವ ಬೆಳೆಸುವುದು ಬೀಜದಿಂದ. ಬೀಜವೋ, ಧೂಳು. ಸೀನಿದರೆ ಒಂದು ವಂಶವೇ ಹಾರಿಹೋಗುತ್ತದೆ. ಅದನ್ನು ಬಿತ್ತುವ ಮೊದಲು ಮಣ್ಣಿನಲ್ಲಿರುವ ಹುಳುಹುಪ್ಪಟೆ ಸಾಯಬೇಕೆಂದು ಅಕ್ಕನ ಪ್ರೆಶರ್ ಕುಕ್ಕರಿನಲ್ಲಿ ಮಣ್ಣು ಬೇಯಿಸುತ್ತಾರೆ. ನಾಲ್ಕು ಸೀಟಿ. ಮೊದಲ ಸಲ ನಾನು ಕೆಲಸದಿಂದ ಬಂದು, ಹಸಿವಿನಲ್ಲಿ ಮುಚ್ಚಳ ತೆಗೆದು ನೋಡಿದ್ದೆ. ಆ ಮೇಲೆ ಕುಕ್ಕರುಗಳು ಎರಡಾದವು, ಒಂದರ ಮೇಲೆ ‘ತರಕಾರಿ’, ಇನ್ನೊಂದರ ಮೇಲೆ ‘ಮಣ್ಣು’.

ಬಿತ್ತಿದ ಎರಡು ವಾರಕ್ಕೆ ಹಸಿರು ಗುಂಡುಸೂಜಿಯ ತಲೆಯಂಥದ್ದು ಏಳುತ್ತದೆ. ಆರು ತಿಂಗಳಿಗೆ ಅದು ಮೆಣಸಿನ ಕಾಳಿನಷ್ಟಾದರೆ ಭಾವನಿಗೆ ಸಂಭ್ರಮ. ವರ್ಷ, ಒಂದೂವರೆ ವರ್ಷಕ್ಕೆ ಅಂಗಿಯ ಗುಂಡಿಯಷ್ಟಾಗಿ ನಿಜವಾದ ಮುಳ್ಳು ಬರುತ್ತದೆ. ಇದು ಇಂಥದ್ದೇ ಎಂದು ಖಚಿತವಾಗಿ ಗೊತ್ತಾಗುವುದು ಆಗಲೇ. ಅಲ್ಲಿಯವರೆಗೆ ಎಲ್ಲವೂ ಒಂದೇ ಥರ ಇರುತ್ತವೆ, ಲೇಬಲ್ಲನ್ನು ನಂಬಿಕೊಂಡು ನೀರು ಹಾಕಬೇಕು.

ಮುಳ್ಳು ಬಂದಾಗ ನೂರರಲ್ಲಿ ಒಂದು ಸಸಿ ಬೇರೆ ಥರ ಕಾಣಿಸಿಕೊಳ್ಳುವುದುಂಟು. ತಾಯಿಯ ಹೂವಿನ ಮೇಲೆ ಯಾವುದೋ ಜೇನು ಇನ್ನೊಂದು ಜಾತಿಯ ಪರಾಗ ಉದುರಿಸಿ ಹೋಗಿರುತ್ತದೆ. ಬೇರೆಯವರು ಇಂಥದ್ದು ಸಿಕ್ಕರೆ ಕುಣಿದಾಡುತ್ತಾರಂತೆ. ಭಾವ ಚಿಮುಟ ತರುತ್ತಿದ್ದರು. ಚಪ್ಪರದ ಮೂಲೆಯಲ್ಲಿ ‘ಬೆರಕೆ’ ಎಂದು ಬರೆದ ಬಕೆಟ್ಟಿತ್ತು. ಕಿತ್ತು ಅದರೊಳಗೆ ಎಸೆದು, ಕೈ ತೊಳೆದು, ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಜೇನು ಹತ್ತಿರ ಸುಳಿಯದಂತೆ ಪ್ರತಿ ಹೂವಿನ ಮೇಲೂ ಟೀ ಸೋಸುವ ಜಾಲರಿ ಬೋರಲು ಹಾಕುತ್ತಿದ್ದರು. ಒಮ್ಮೆಗೇ ನಲವತ್ತು ಜಾಲರಿ ಕೊಂಡಾಗ ಪಾತ್ರೆ ಅಂಗಡಿಯವನು, “ಹೋಟ್ಲು ಇಡ್ತಿದೀರಾ ಸಾರ್?” ಎಂದು ಕೇಳಿದ್ದ. ಭಾವ ನಗಲಿಲ್ಲ. ಶುದ್ಧ ತಳಿ ಎಂದರೇನು ಎಂದು ಅವನಿಗೆ ಇಪ್ಪತ್ತು ನಿಮಿಷ ತಿಳಿಸಿ ಬಂದರು.

ಊರಿನಲ್ಲಿ ಕಳ್ಳಿ ಬೆಳೆಸುವವರ ಸಂಘವೊಂದಿದೆ. ನಲವತ್ತಮೂರು ಜನ, ತಿಂಗಳಿಗೊಂದು ಭಾನುವಾರ ಹೈಸ್ಕೂಲಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ಬೆನ್ನಿಲ್ಲದ ಸ್ಟೂಲುಗಳ ಮೇಲೆ ಕೂರುತ್ತಾರೆ. ಭಾವ ಅಲ್ಲಿ ಬೀಜ ಕಾರ್ಯದರ್ಶಿ. ಎಲ್ಲರೂ ತಮ್ಮ ಗಿಡದ ಬೀಜವನ್ನು ಇವರಿಗೆ ಕೊಡಬೇಕು, ಇವರು ಪೊಟ್ಟಣ ಕಟ್ಟಿ, ಲೇಬಲ್ ಅಂಟಿಸಿ ಎಲ್ಲರಿಗೂ ಹಂಚಬೇಕು. ಅಧಿಕಾರ ಸಿಕ್ಕ ಮೊದಲ ವರ್ಷವೇ ಒಂಬತ್ತನೇ ನಿಯಮ ಬರೆದರು. ಯಾರು ಕೊಟ್ಟ ಬೀಜ ಬೆರಕೆ ಎಂದು ಸಾಬೀತಾಗುತ್ತದೋ ಅವರ ಹೆಸರನ್ನು ಸಭೆಯಲ್ಲಿ ಓದಿ, ಸದಸ್ಯರ ಪುಸ್ತಕದಲ್ಲಿ ಹೊಡೆದು ಹಾಕತಕ್ಕದ್ದು. ಗಿಡ ಬೆಳೆಸಲು ಸೇರಿದವರು ಅದಕ್ಕೂ ಕೈ ಎತ್ತಿದರು.

ಮೊದಲು ಸಿಕ್ಕಿಬಿದ್ದವರು ಹಲ್ಲಿನ ಡಾಕ್ಟರು. ಗುಂಡಗೆ, ನಗುನಗುತ್ತಾ ಇರುವ ಮನುಷ್ಯ. ಅವರು ಕೊಟ್ಟ ಬೀಜದ ಎರಡು ಸಸಿಗಳಿಗೆ ಬರಬಾರದ ಮುಳ್ಳು ಬಂತು. ಭಾವ ಎರಡನ್ನೂ ಸಭೆಗೆ ಒಯ್ದು, ಮೇಜಿನ ಮೇಲಿಟ್ಟು, ಎಲ್ಲರ ಕೈಗೂ ಭೂತಗನ್ನಡಿ ಕೊಟ್ಟು ತೋರಿಸಿದರು. ಡಾಕ್ಟರು, “ಜೇನುಹುಳಕ್ಕೆ ನಿಮ್ಮ ನಿಯಮ ಯಾರು ಓದಿ ಹೇಳ್ತಾರೆ ಸಾರ್?” ಎಂದರಂತೆ. ಭಾವ ಸ್ಕೇಲು ಇಟ್ಟು ಅವರ ಹೆಸರಿನ ಮೇಲೆ ಕೆಂಪು ಗೆರೆ ಎಳೆದರು. ಡಾಕ್ಟರು ಆ ಎರಡು ಸಸಿಗಳನ್ನು, ಮುಳ್ಳು ಸಮೇತ, ಕೋಟಿನ ಜೇಬಿಗೆ ಹಾಕಿಕೊಂಡು ಹೊರಟುಹೋದರು. ಮನೆಗೆ ಬಂದು ಇದನ್ನು ಹೇಳುವಾಗ ಭಾವನ ಮುಖದಲ್ಲಿ, ಪೆಟ್ಟಿಗೆ ಒಡೆಸಿದ ಕಥೆ ಹೇಳುವಾಗಿನ ಕಳೆಯೇ ಇತ್ತು.

ಇದಾಗಿ ವರ್ಷಕ್ಕೆ ಭಾವನ ಬಲಗಣ್ಣಿಗೆ ಪೊರೆ ಬಂತು. ಗುರುತಿಸಿದವಳು ನಾನೇ. ಸಕ್ಕರೆ ಡಬ್ಬಿಯ ಚೀಟಿಯನ್ನು ಅವರು ಮೂಗಿಗೆ ತಾಗಿಸಿಕೊಂಡು ಓದುತ್ತಿದ್ದರು. ಆಪರೇಷನ್ ಆಯಿತು. ಮೂರು ವಾರ ಬಗ್ಗಬಾರದು, ಧೂಳಿಗೆ ಹೋಗಬಾರದು, ಮಾಳಿಗೆ ಹತ್ತಲೇಬಾರದು ಎಂದು ಕಣ್ಣಿನ ಡಾಕ್ಟರು ಹೇಳಿದರು. ಅದು ಜಡೆ ಹೂ ಬಿಡುವ ಕಾಲ.

ಜಡೆ ಎನ್ನುವುದು ಅಕ್ಕ ಇಟ್ಟ ಹೆಸರು. ನಿಜವಾದ ಹೆಸರು ಲೇಬಲ್ಲಿನಲ್ಲಿದೆ, ಅದನ್ನು ಹೇಳಿ ಮುಗಿಸುವಷ್ಟರಲ್ಲಿ ಹೂ ಬಾಡುತ್ತದೆ. ಮೈತುಂಬ ಬೆಳ್ಳಗಿನ ನೂಲಿನಂಥ ಕೂದಲು, ಸಣ್ಣ ನೆಟ್ಟಗಿನ ಮುಳ್ಳು. ಊರಿನಲ್ಲಿ ಭಾವನ ಹತ್ತಿರ ಬಿಟ್ಟರೆ ಇನ್ನೆಲ್ಲೂ ಇರಲಿಲ್ಲ. ಇಂಥ ಕಳ್ಳಿ ತನ್ನದೇ ಪರಾಗದಿಂದ ಬೀಜ ಕಟ್ಟುವುದಿಲ್ಲ, ಅದೇ ಜಾತಿಯ ಇನ್ನೊಂದು ಗಿಡದ್ದು ಬೇಕು. ಭಾವನ ಹತ್ತಿರ ಜಡೆ ಎರಡಿದ್ದವು, ಆದರೆ ಒಂದು ಹೂ ಬಿಟ್ಟು ಮೂರು ವಾರಕ್ಕೆ ಇನ್ನೊಂದು. ಅದಕ್ಕೇ ಮೊದಲನೆಯದರ ಪರಾಗ ತೆಗೆದು, ಹೆಬ್ಬೆರಳಿನಷ್ಟು ಗಾತ್ರದ ಸೀಸೆಯಲ್ಲಿ ಹಾಕಿ, ಫ್ರಿಜ್ಜಿನಲ್ಲಿ ಬೆಣ್ಣೆ ಇಡುವ ಗೂಡಿನಲ್ಲಿ ಇಟ್ಟಿದ್ದರು. ಇಂಥ ಸೀಸೆಗಳು ಒಟ್ಟು ಏಳು, ಏಳು ಜಾತಿಯವು. ಏಳರೊಳಗೂ ಹಳದಿ ಪುಡಿ.

ಆಸ್ಪತ್ರೆಗೆ ಹೋಗುವ ಮುಂಚೆ ಅಕ್ಕನಿಗೆ ಎಂಟು ಪುಟದ ಸೂಚನೆ ಬರೆದಿಟ್ಟರು. ಕುಂಚ ಹಿಡಿಯುವುದು ಹೇಗೆ, ಉಸಿರು ಬಿಡುವುದು ಯಾವಾಗ, ಎಲ್ಲ ಇತ್ತು. ಕೊನೆಯ ಸಾಲಿನ ಕೆಳಗೆ ಎರಡು ಗೆರೆ, ‘ಸೀಸೆಗಳನ್ನು ಲೇಬಲ್ ನೋಡಿಯೇ ತೆಗೆಯುವುದು.’ ಫ್ರಿಜ್ಜು ಒರೆಸಬಾರದು ಎಂದು ಎಂಟು ಪುಟದಲ್ಲಿ ಎಲ್ಲೂ ಇರಲಿಲ್ಲ.

ಫ್ರಿಜ್ಜಿನಲ್ಲಿ ಹಾಲು ಚೆಲ್ಲಿತು. ಚೆಲ್ಲಿದರೆ ಹೆಂಗಸು ಏನು ಮಾಡುತ್ತಾಳೆ? ಅಕ್ಕ ಎಲ್ಲವನ್ನೂ ಹೊರಗೆ ತೆಗೆದು, ಒದ್ದೆ ಬಟ್ಟೆಯಲ್ಲಿ ಸೀಸೆಗಳನ್ನೂ ಒರೆಸಿದಳು. ಏಳು ಲೇಬಲ್ಲುಗಳೂ ಅವಳ ಕೈಗೆ ಬಂದವು. ಮೂವತ್ತೊಂದು ವರ್ಷ ಕಾರ್ಖಾನೆಯಲ್ಲಿ ಉಗುರು ಹಾಕಿದರೂ ಏಳದ ಲೇಬಲ್ ಎಣಿಸಿದ ಮನುಷ್ಯ, ಮನೆಯಲ್ಲಿ ಮಾತ್ರ ಮಕ್ಕಳು ಶಾಲೆಗೆ ಒಯ್ಯುವ ನೀರು ಗೋಂದು ಬಳಸುತ್ತಿದ್ದರು. ಮುಂದಿನ ವರ್ಷ ಕಿತ್ತು ಇನ್ನೊಂದಕ್ಕೆ ಅಂಟಿಸಬಹುದಲ್ಲ, ಕಾಗದ ಯಾಕೆ ದಂಡ ಎಂದು.

ಆ ಸಂಜೆ ನಾನು ಮನೆಗೆ ಬಂದಾಗ ಅಕ್ಕ ಅಡುಗೆಮನೆಯಲ್ಲಿ ಬಾಯಿಗೆ ಸೆರಗು ಇಟ್ಟುಕೊಂಡು ನಗುತ್ತಿದ್ದಳು.

“ಎಲ್ಲಾ ಕಿತ್ಕೊಂಡ್ ಬಂತು ಕಣೆ. ಯಾವ್ದು ಯಾವ ಕಡೆ ಇತ್ತು ಅಂತ ಜ್ಞಾಪಿಸಿಕೊಂಡು ವಾಪಸ್ ಅಂಟಿಸಿದೀನಿ. ಹೆಚ್ಚೂ ಕಮ್ಮಿ ಸರಿಯಾಗೇ ಇದೆ.”

“ಹೆಚ್ಚೂ ಕಮ್ಮಿ?”

“ಏಳು ಸೀಸೆ ಇತ್ತು, ಏಳು ಲೇಬಲ್ ಇತ್ತು. ಒಂದೂ ಉಳೀಲಿಲ್ಲ. ಹೇಳ್ಲಾ ಇವರಿಗೆ?”

ಆಗ ಹೇಳು ಎಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ನಾನು ಕಣ್ಣಿನ ವಿಷಯ ತಿಳಿದವಳಂತೆ, “ಬೇಡ, ಈಗ ಹೇಳಿದ್ರೆ ಬಿ.ಪಿ. ಏರತ್ತೆ, ಕಣ್ಣಿಗೆ ಒಳ್ಳೇದಲ್ಲ” ಎಂದೆ. ಅಕ್ಕ ಮರುದಿನ ಜಾಲರಿ ಎತ್ತಿ, ಉಸಿರು ಬಿಗಿಹಿಡಿದು, ಲೇಬಲ್ ನೋಡಿಯೇ ಸೀಸೆ ತೆಗೆದು, ಜಡೆಯ ಹೂವಿಗೆ ಪರಾಗ ಹಚ್ಚಿದಳು. ಎಂಟು ಪುಟದಲ್ಲಿ ಒಂದಕ್ಷರ ಮೀರಲಿಲ್ಲ.

ಅದೇ ವಾರ ಹಲ್ಲಿನ ಡಾಕ್ಟರು ಒಂದು ಚೀಲ ಹಣ್ಣು ಹಿಡಿದು ಭಾವನನ್ನು ನೋಡಲು ಬಂದರು. ಹೆಸರು ಹೊಡೆದು ಹಾಕಿದವನ ಮನೆಗೆ ಹಣ್ಣು ತರುವುದು ಎಂದರೆ ಒಂದೋ ದೊಡ್ಡತನ, ಇಲ್ಲವೋ ಮರೆವು. ಭಾವ ಕಣ್ಣಿಗೆ ಪಟ್ಟಿ ಕಟ್ಟಿಕೊಂಡೇ, “ಮೇಲ್ಗಡೆ ಹೋಗಿ ನೋಡ್ಕೊಂಡ್ ಬನ್ನಿ. ಶುದ್ಧ ಅಂದ್ರೆ ಏನು ಅಂತ ಗೊತ್ತಾಗತ್ತೆ” ಎಂದರು. ಪಾಪ, ಡಾಕ್ಟರು ಹೋಗಿ ನೋಡಿ, ಚೆನ್ನಾಗಿದೆ ಎಂದು ಹೇಳಿ ಹೋದರು.

ಆ ವರ್ಷ ಬೇರೆ ಐದು ಗಿಡ ಬೀಜವನ್ನೇ ಕಟ್ಟಲಿಲ್ಲ. ಸೆಕೆ ಜಾಸ್ತಿಯಾಯಿತು ಎಂದರು ಭಾವ. ಜಡೆ ಮಾತ್ರ ಕೈತುಂಬ ಕೊಟ್ಟಿತು. ಇಪ್ಪತ್ತಾರು ಜನರಿಗೆ ತಲಾ ಇಪ್ಪತ್ತು ಬೀಜದ ಪೊಟ್ಟಣ ಹೋಯಿತು, ಮೂವತ್ತೆರಡು ಬೀಜವನ್ನು ತಮಗಿಟ್ಟುಕೊಂಡರು. ಸಂಘದವರು ಚಪ್ಪಾಳೆ ತಟ್ಟಿದರು. ನಾನು ಬಾಯಿ ಬಿಡಲಿಲ್ಲ. ಬಿಟ್ಟರೆ ಬಣ್ಣಗೇಡು.

ಎರಡು ವರ್ಷ ಕಳೆಯಿತು. ಒಂದು ಬೆಳಗ್ಗೆ ಮಾಳಿಗೆಯಿಂದ ಭಾವನ ಕೂಗು ಕೇಳಿತು. ಹಾವೋ ಚೇಳೋ ಎಂದು ನಾವಿಬ್ಬರೂ ಓಡಿದೆವು. ಭಾವ ಭೂತಗನ್ನಡಿ ಹಿಡಿದು ಟ್ರೇ ಮುಂದೆ ಕೂತಿದ್ದರು. ಜಡೆಯ ಮೂವತ್ತೆರಡು ಮಕ್ಕಳು ಸಾಲಾಗಿ ಬೆಳ್ಳಗೆ ಕೂದಲು ಬಿಟ್ಟುಕೊಂಡಿದ್ದವು. ಚಿಮುಟದಿಂದ ಭಾವ ಒಂದರ ಕೂದಲು ಸರಿಸಿದರು. ಒಳಗೆ ಕಂದು ಬಣ್ಣದ ಮುಳ್ಳು, ತುದಿಯಲ್ಲಿ ಮೀನಿನ ಗಾಳದಂತೆ ಬಾಗಿದ ಕೊಕ್ಕೆ.

“ಇದು ಜಡೆಗೆ ಇರಲ್ಲ” ಎಂದರು. ದನಿ ಸಣ್ಣದಾಗಿತ್ತು. ಎರಡನೆಯದರ ಕೂದಲು ಸರಿಸಿದರು. ಕೊಕ್ಕೆ. ಮೂರನೆಯದು, ಕೊಕ್ಕೆ. ಹೀಗೇ ಮೂವತ್ತೆರಡನ್ನೂ ನೋಡಿದರು, ಮೂವತ್ತೆರಡೂ ಕೊಕ್ಕೆ. ಕೊಕ್ಕೆ ಮುಳ್ಳಿನ ಗಿಡ ಅದೇ ಚಪ್ಪರದಲ್ಲಿ, ಎರಡು ಹಲಗೆ ಆಚೆ ಇತ್ತು. ಅದರ ಪರಾಗ ಏಳರಲ್ಲಿ ಒಂದು ಸೀಸೆಯಲ್ಲಿತ್ತು. ಅಕ್ಕ ನನ್ನ ಮುಖ ನೋಡಿದಳು. ನಾನು ನೀರಿನ ತೊಟ್ಟಿ ನೋಡಿದೆ.

ಒಂದು ಬೆರೆತರೆ ಜೇನು. ಮೂವತ್ತೆರಡೂ ಬೆರೆತರೆ ಮನುಷ್ಯ. ಅಷ್ಟು ಭಾವನಿಗೆ ಕೂಡಲೇ ಹೊಳೆಯಿತು. ಮನೆಯಲ್ಲಿ ತನಿಖೆ ಶುರುವಾಯಿತು. ನಲವತ್ತು ಜಾಲರಿಗಳನ್ನೂ ಬೆಳಕಿಗೆ ಹಿಡಿದು ತೂತು ಹುಡುಕಿದರು. ಲೇಬಲ್ ನೋಡಿಯೇ ಸೀಸೆ ತೆಗೆದೆಯಾ ಎಂದು ಅಕ್ಕನನ್ನು ಕೇಳಿದರು, ನೋಡಿಯೇ ತೆಗೆದೆ ಎಂದಳು. ಹಳೆಯ ಡೈರಿ ತೆಗೆದರು. ಆ ಮೂರು ವಾರ ಮನೆಗೆ ಬಂದವರ ಪಟ್ಟಿ ಮಾಡಿದರು. ಹಾಲಿನವನು, ಪೇಪರಿನವನು, ಹಲ್ಲಿನ ಡಾಕ್ಟರು. ಅಲ್ಲಿಗೆ ಪೆನ್ನು ನಿಂತಿತು.

“ಹೆಸರು ಹೊಡೆಸಿಕೊಂಡವನು. ಮೇಲೆ ಹೋಗಿದ್ದ. ಸೇಡು ತೀರಿಸ್ಕೊಂಡ” ಎಂದರು.

“ಮೇಲೆ ಹೋಗಿ ಅಂದವರು ನೀವೇ ಅಲ್ವಾ ಭಾವ?”

“ಅದನ್ನೇ ಅವನು ಉಪಯೋಗಿಸಿಕೊಂಡಿದ್ದು.”

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಬರುವ ಭಾನುವಾರದ ಸಭೆಯಲ್ಲಿ ಡಾಕ್ಟರ ಮೇಲೆ ದೂರು ಓದುವುದೆಂದು ತೀರ್ಮಾನವಾಯಿತು. ಇಲ್ಲವಾದರೆ ಒಂಬತ್ತನೇ ನಿಯಮ ತಮ್ಮ ತಲೆಗೇ ಬರುತ್ತದಲ್ಲ. ಗುರುವಾರ ಬೆಳಗ್ಗೆ ನಾನು ಊಟದ ಡಬ್ಬಿ ಕಟ್ಟುತ್ತಿದ್ದಾಗ ಭಾವ ಒಂದು ಹಾಳೆ ತಂದು ಮುಂದಿಟ್ಟರು. ಮೇಲೆ ‘ಸಾಕ್ಷಿ ೧, ನಾದಿನಿ’. ಕೆಳಗೆ ಪ್ರಶ್ನೆ, ‘ಆ ಮೂರು ವಾರಗಳಲ್ಲಿ ಗಿಡ, ಹೂ, ಪರಾಗದ ವಿಷಯದಲ್ಲಿ ಅಸಹಜವಾದದ್ದು ಏನಾದರೂ ನಿಮಗೆ ತಿಳಿದು ಬಂದಿತ್ತೆ?’ ನನಗೆ ಬಸ್ಸಿಗೆ ಹೊತ್ತಾಗಿತ್ತು. ಅದು ನೆಪ ಅಂತ ನನಗೂ ಗೊತ್ತು. ‘ನನಗೆ ಏನೂ ಗೊತ್ತಿಲ್ಲ’ ಎಂದು ಬರೆದು, ಸಹಿ ಹಾಕಿ, ಚಪ್ಪಲಿ ಮೆಟ್ಟಿಕೊಂಡೆ.

ಸಂಜೆ ಅಡುಗೆಮನೆಯಲ್ಲಿ ಅಕ್ಕನಿಗೆ ಬುದ್ಧಿ ಹೇಳಿದೆ. “ಸುಮ್ನೆ ಇರು. ಹಲ್ಲಿನ ಡಾಕ್ಟ್ರು ಹೇಗೂ ಸಂಘದಲ್ಲಿಲ್ಲ. ಇನ್ನೊಂದ್ಸಲ ಹೆಸರು ಹೇಳಿದ್ರೆ ಅವರಿಗೇನು ಹೋಗತ್ತೆ?”

ಅಕ್ಕ ಈರುಳ್ಳಿ ಹೆಚ್ಚುತ್ತಲೇ, “ಹಣ್ಣು ತಂದಿದ್ರು ಕಣೆ” ಎಂದಳು. ಅಷ್ಟೇ ಹೇಳಿದ್ದು.

ಶನಿವಾರ ಭಾವ ನಮ್ಮಿಬ್ಬರನ್ನೂ ಊಟದ ಮೇಜಿಗೆ ಕರೆದು ದೂರನ್ನು ಓದಿದರು. ಐದು ಪುಟ. ‘ಸದರಿ ದಂತವೈದ್ಯರು ಹಣ್ಣಿನ ನೆಪದಲ್ಲಿ ಗೃಹ ಪ್ರವೇಶಿಸಿ’ ಎಂಬಲ್ಲಿ ನನಗೆ ನಗು ತಡೆಯುವುದು ಕಷ್ಟವಾಯಿತು. ನಾಲ್ಕನೇ ಪುಟದಲ್ಲಿ ಮನೆಯೊಳಗಿನ ವ್ಯವಸ್ಥೆಯ ವಿವರ ಬಂತು.

“‘ಫ್ರಿಜ್ಜಿನಲ್ಲಿದ್ದ ಸೀಸೆಗಳು ಏಳು. ಲೇಬಲ್ಲುಗಳು ಏಳು. ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಆದ್ದರಿಂದ ಮನೆಯೊಳಗೆ ತಪ್ಪಾಗಿರುವ ಸಾಧ್ಯತೆಯೇ ಇಲ್ಲ.’”

“ಲೆಕ್ಕ ಸರಿಯಾಗೇ ಇದೆ ರೀ” ಎಂದಳು ಅಕ್ಕ. “ಫ್ರಿಜ್ಜಲ್ಲಿ ಹಾಲು ಚೆಲ್ತು, ಒರೆಸೋವಾಗ ಕಿತ್ತು ಬಂದಿತ್ತು. ನಾನೇ ವಾಪಸ್ ಅಂಟಿಸ್ದೆ, ಏಳನ್ನೂ. ಯಾವ್ದು ಯಾವ್ದಕ್ಕೆ ಅಂತ ಸರಿಯಾಗಿ ಗೊತ್ತಿರ್ಲಿಲ್ಲ.”

ಭಾವ ಹಾಳೆಯಿಂದ ತಲೆ ಎತ್ತಲಿಲ್ಲ. ಸಿಟ್ಟು ಬರುತ್ತದೆ, ಕೂಗಾಡುತ್ತಾರೆ ಎಂದು ಕಾದೆ. ಅವರು ಕೇಳಿದ್ದು ಒಂದೇ ಪ್ರಶ್ನೆ.

“ಯಾವ ಗೋಂದಲ್ಲಿ?”

“ನಿಮ್ದೇ. ಆ ನೀರು ಗೋಂದು.”

“ಒಂದೂ ಉಳೀಲಿಲ್ವಾ?”

“ಏಳೂ ಸರಿಹೋಯ್ತು.”

“ಹೌದು, ಸರಿಹೋಗತ್ತೆ” ಎಂದರು ಭಾವ. “ಒಂದ್ರದ್ದು ಇನ್ನೊಂದಕ್ಕೆ ಅಂಟಿಸಿದ್ರೂ ಲೆಕ್ಕ ಸರಿಹೋಗತ್ತೆ.” ಆಮೇಲೆ, ನಮಗಲ್ಲ, ಮೇಜಿಗೆ ಹೇಳುವಂತೆ, “ಮೂವತ್ತೊಂದು ವರ್ಷ ನಾನು ನೋಡಿದ್ದು ಲೆಕ್ಕಾನೇ. ಸೀಸೆ ಒಳಗೆ ಏನಿದೆ ಅಂತ ಒಂದಿನಾನೂ ನೋಡ್ಲಿಲ್ಲ” ಎಂದರು.

ಹದಿನಾಲ್ಕು ವರ್ಷ ಈ ಮನುಷ್ಯನ ಚೀಟಿಗಳನ್ನು ನೋಡಿ ನಕ್ಕಿದ್ದೇನೆ, ಆ ಕ್ಷಣ ನಗು ಬರಲಿಲ್ಲ. ಸೀಸೆ ಒಳಗೆ ನೋಡುವುದು ಬೇರೆ ವಿಭಾಗದ ಕೆಲಸ, ಅದಕ್ಕೆ ಬೇರೆಯವರಿದ್ದರು ಎಂದು ಹೇಳಬೇಕೆನಿಸಿತು. ಅಷ್ಟರಲ್ಲಿ ಅವರು ಐದು ಪುಟದ ಮೇಲೂ ಒಂದೊಂದು ಗೆರೆ ಎಳೆದು, ಸಹಿ ಹಾಕಿ, ಚಿಮುಟ ತೆಗೆದುಕೊಂಡು ಮಾಳಿಗೆಗೆ ಹೋದರು. ಅಕ್ಕ ಮೆಟ್ಟಿಲ ಕೆಳಗೆ ನಿಂತಳು. ಬೆರಕೆ ಬಕೆಟ್ಟು ತುಂಬುವ ಸದ್ದಿಗೆ ಕಾಯುತ್ತಿದ್ದಳೆಂದು ಕಾಣುತ್ತದೆ. ಒಂದು ಗಂಟೆಯಾದ ಮೇಲೆ ಭಾವ ಬಕೆಟ್ಟನ್ನು ಕೈಯಲ್ಲಿ ಹಿಡಿದು ಇಳಿದು ಬಂದರು. ಖಾಲಿಯಿತ್ತು. ಬಚ್ಚಲಿಗೆ ಬೇಕಾಗುತ್ತದೆ ಎಂದು ಅಲ್ಲಿಟ್ಟರು.

ಭಾನುವಾರ ಮೂವತ್ತೆರಡು ಕುಂಡಗಳ ಟ್ರೇ ಹೊರಲು ನನ್ನನ್ನೂ ಕರೆದೊಯ್ದರು. ಕೆಮಿಸ್ಟ್ರಿ ಲ್ಯಾಬಿನಲ್ಲಿ ಗ್ಯಾಸಿನ ನಲ್ಲಿಗಳ ನಡುವೆ ಟ್ರೇ ಇಟ್ಟೆ. ಭಾವ ಎದ್ದು ನಿಂತು ಒಂಬತ್ತನೇ ನಿಯಮ ಓದಿದರು. ನಂತರ, ‘ಬೀಜ ಕೊಟ್ಟವರು, ಬೀಜ ಕಾರ್ಯದರ್ಶಿ. ಕಾರಣ, ಲೇಬಲ್ಲಿಗೆ ಕಡಿಮೆ ದರ್ಜೆಯ ಗೋಂದು ಬಳಸಿದ್ದು’ ಎಂದು ಓದಿ, ತಮ್ಮ ಹೆಸರನ್ನೂ ಓದಿದರು. ಅಕ್ಕನ ಸುದ್ದಿ ಎಲ್ಲೂ ಬರಲಿಲ್ಲ. ಸ್ಕೇಲು ಇಟ್ಟು ಕೆಂಪು ಗೆರೆ ಎಳೆದರು. ಗೆರೆ ನೆಟ್ಟಗಿತ್ತು.

ಆಮೇಲೆ ನಡೆದದ್ದಕ್ಕೆ ಭಾವ ಸಿದ್ಧರಿರಲಿಲ್ಲ. ಸಂಘದ ಅಧ್ಯಕ್ಷರು, ನಿವೃತ್ತ ಹೆಡ್‌ಮಾಸ್ಟರು, ಗಂಟಲು ಸರಿ ಮಾಡಿಕೊಂಡು, “ನಮ್ಮನೇಲೂ ಹಾಗೇ ಇವೆ ಸಾರ್. ಹದಿನೆಂಟೂ ಕೊಕ್ಕೆ” ಎಂದರು.

“ನಮ್ಮಲ್ಲೂ” ಎಂದರು ಹಿಂದಿನ ಸ್ಟೂಲಿನವರು. ಒಬ್ಬೊಬ್ಬರೇ ಕೈ ಎತ್ತಿದರು. ಕೆಲವರಿಗೆ ಗೊತ್ತಾಗಿ ಆರು ತಿಂಗಳಾಗಿತ್ತು. ಹೊಲಿಗೆ ಟೀಚರು ಎದ್ದು ನಿಂತರು. “ನಾನು ನನ್ನ ಕನ್ನಡಕದ ನಂಬರೇ ಬದಲಾಗಿದೆ ಅಂದ್ಕೊಂಡೆ. ಇವರ ಅಂಗಡೀಲೇ ಹೊಸದು ಮಾಡಿಸ್ದೆ” ಎಂದು ನನ್ನತ್ತ ಕೈ ತೋರಿಸಿದರು. ಮಾಡಿಕೊಟ್ಟವಳು ನಾನೇ. ಹೊಸ ಕನ್ನಡಕದಲ್ಲೂ ಕೊಕ್ಕೆ ಕೊಕ್ಕೆಯಾಗಿಯೇ ಕಂಡಿದ್ದಕ್ಕೆ ಪಾಪ ನನ್ನ ಹತ್ತಿರ ಎರಡು ಸಲ ಜಗಳಕ್ಕೆ ಬಂದಿದ್ದರು.

“ನೋಡಿದ್ರಾ?” ಎಂದರು ಭಾವ. “ನೋಡಿದ್ರೆ ಯಾಕೆ ಹೇಳ್ಲಿಲ್ಲ?”

ಹೆಡ್‌ಮಾಸ್ಟರು ಕೈ ಚೆಲ್ಲಿದರು. “ಲೇಬಲ್ ನಿಮ್ಮದಿತ್ತಲ್ಲ ಸಾರ್.”

ಇಪ್ಪತ್ತಾರು ಮನೆ, ಇಪ್ಪತ್ತಾರು ಭೂತಗನ್ನಡಿ. ಅಷ್ಟೂ ಜನ ಕಣ್ಣಾರೆ ಕಂಡದ್ದನ್ನು ಬಿಟ್ಟು ಇಂಚುದ್ದದ ಕಾಗದವನ್ನು ನಂಬಿದ್ದರು. ಮನುಷ್ಯನಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಸಿಗಲಾರದು, ಅದನ್ನು ಹೊತ್ತುಕೊಂಡು ಭಾವ ಸ್ಟೂಲಿನ ಮೇಲೆ ಕುಸಿದು ಕೂತರು. ನಿಯಮ ತಿದ್ದೋಣ, ನೀವೇ ಮುಂದುವರಿಯಿರಿ ಎಂದು ಎಲ್ಲರೂ ಹೇಳಿದರು. ಅವರು ಸದಸ್ಯರ ಪುಸ್ತಕವನ್ನು ಹೆಡ್‌ಮಾಸ್ಟರ ಕೈಗಿಟ್ಟು ಹೊರಟರು. ಟ್ರೇ ಮತ್ತೆ ನನ್ನ ತಲೆಗೇ ಬಂತು.

ಸೋಮವಾರ ಭಾವ ಒಂದು ಸಸಿಯನ್ನು ಕಾಗದದಲ್ಲಿ ಸುತ್ತಿಕೊಂಡು ಹಲ್ಲಿನ ಡಾಕ್ಟರ ಕ್ಲಿನಿಕ್ಕಿಗೆ ಹೋದರು. ಅಲ್ಲಿ ಚೀಟಿ ಬರೆಯುವ ಹೆಂಗಸು, ಕ್ಷಮೆ ಕೇಳುವವರಿಗೂ ಹಲ್ಲು ಕೀಳಿಸುವವರಿಗೂ ಸಾಲು ಒಂದೇ ಎಂದು ಕೂರಿಸಿದಳಂತೆ. ಒಂದೂವರೆ ಗಂಟೆ ಕಾದು, ಕುರ್ಚಿಯಲ್ಲಿ ಒರಗಿ, ಹೇಳಬೇಕಾದದ್ದನ್ನು ಹೇಳಲು ಬಾಯಿ ತೆರೆದರೆ ಡಾಕ್ಟರು ಕನ್ನಡಿ ಒಳಗಿಟ್ಟು ನೋಡಿದರಂತೆ. ಎರಡು ಹಲ್ಲು ಹುಳುಕಾಗಿದ್ದವು. ಹತ್ತಿ ತುಂಬಿದ ಬಾಯಲ್ಲೇ ಕ್ಷಮೆ ಕೇಳಿ ಬಂದರು.

“ಏನಂದ್ರು?” ಎಂದು ಅಕ್ಕ ಕೇಳಿದಳು.

“ಆರು ತಿಂಗಳಿಗೊಮ್ಮೆ ಬಂದು ತೋರಿಸಿ ಅಂದ್ರು.” ಭಾವ ಕೆನ್ನೆ ಒತ್ತಿ ಹಿಡಿದುಕೊಂಡರು. “ಅವತ್ತು ನಾನು ಕಿತ್ತೆಸೀಬೇಕು ಅಂದಿದ್ದ ಆ ಎರಡು ಅವರ ಕಿಟಕೀಲಿವೆ ಕಣೆ. ಹೂ ಬಿಟ್ಟಿವೆ. ಅಂಥ ಬಣ್ಣ ನಾನು ನೋಡೇ ಇರ್ಲಿಲ್ಲ. ಚೆನ್ನಾಗಿದೆ.”

ಗಿಡಕ್ಕಾಗಲಿ, ಅಡುಗೆಗಾಗಲಿ, ಭಾವ ಚೆನ್ನಾಗಿದೆ ಎಂದದ್ದನ್ನು ಆ ಮನೆಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಅಕ್ಕ ಅಂದು ಮೆತ್ತಗಿನ ಅಡುಗೆ ಮಾಡಿದಳು.

ಅಲ್ಲಿಗೆ ಎಲ್ಲ ಮುಗಿಯಿತೆಂದು ನಾನು ನಿರಾಳವಾಗಿದ್ದೆ. ವಾರ ಕಳೆದು ಒಂದು ಬೆಳಗ್ಗೆ ಊಟದ ಡಬ್ಬಿ ಕಟ್ಟುತ್ತಿದ್ದೆ. ಭಾವ ಬಂದು ಒಂದು ಹಾಳೆ, ಪೆನ್ನು, ಸ್ಕೇಲು ಮೇಜಿನ ಮೇಲಿಟ್ಟರು. ‘ಸಾಕ್ಷಿ ೧, ನಾದಿನಿ.’

“ಫೈಲ್ ಮುಚ್ಬೇಕಮ್ಮಾ. ಇದೊಂದು ಉಳಿದಿದೆ.”

“ಅಕ್ಕ ಹೇಳಿದ್ಲಾ?”

“ಅವಳು ನಿನ್ನ ಸುದ್ದಿನೇ ಎತ್ತಿಲ್ಲ” ಎಂದರು ಭಾವ. “ಆದ್ರೆ ಫ್ರಿಜ್ಜಲ್ಲಿ ಹಾಲು ಚೆಲ್ಲಿದ್ದನ್ನ ಎರಡು ವರ್ಷ ತಂಗಿಗೂ ಹೇಳದೆ ಇರೋ ಹೆಂಗಸಲ್ಲ ನಿಮ್ಮಕ್ಕ.”

ನನ್ನ ಒಂದು ಸಹಿಯ ಬಲದ ಮೇಲೆ ಹಣ್ಣು ತಂದ ಮನುಷ್ಯನ ಹೆಸರು ಎರಡನೇ ಸಲ ಬೀದಿಗೆ ಬರುವುದರಲ್ಲಿತ್ತು. ಪೆನ್ನು ತೆಗೆದುಕೊಂಡು ನಾನು ಬರೆದದ್ದನ್ನು ಗೀಚಿ ಮುಚ್ಚಿಬಿಡಲು ಹೊರಟೆ. ಭಾವ ಸ್ಕೇಲನ್ನು ನನ್ನ ಕಡೆಗೆ ಸರಿಸಿದರು.

“ಒಂದೇ ಗೆರೆ. ಹಳೇದು ಕಾಣ್ಬೇಕು.”

ಸ್ಕೇಲು ಇಟ್ಟು ಒಂದೇ ಗೆರೆ ಎಳೆದೆ. ಪಕ್ಕದಲ್ಲಿ ‘ಗೊತ್ತಿತ್ತು’ ಎಂದು ಬರೆದು, ಸಹಿ ಮತ್ತು ತಾರೀಖು ಹಾಕಿದೆ. ಭಾವ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಸರಿ ಎಂದು ತಲೆಯಾಡಿಸಿ, ಫೈಲಿಗೆ ಸೇರಿಸಿದರು. ಫೈಲು ಈಗಲೂ ನಡುಮನೆಯ ಕಪಾಟಿನಲ್ಲಿದೆ. ಗೆರೆಯ ಕೆಳಗೆ ‘ನನಗೆ ಏನೂ ಗೊತ್ತಿಲ್ಲ’ ಎಂಬುದು ಚೆನ್ನಾಗಿ ಓದಲು ಬರುತ್ತದೆ.